ಭಾವನ ಕ್ಯಾಮ್‌ಶಾಫ್ಟ್, ಅಕ್ಕನ ಕುಕ್ಕರ್

ನನ್ನ ಭಾವನವರಿಗೆ ಹೆಂಡತಿಯನ್ನು ಆರಿಸಲು ಹಿಡಿದದ್ದು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು. ಕಾರಿನ ಎಂಜಿನ್‌ಗೆ ಒಂದು ಕ್ಯಾಮ್‌ಶಾಫ್ಟ್ ಆರಿಸಲು ಹಿಡಿದದ್ದು ಮೂರು ವರ್ಷ! ಇದು ನಾನು ಉಪ್ಪುಖಾರ ಹಚ್ಚಿ ಹೇಳುತ್ತಿರುವ ಮಾತಲ್ಲ. ಆ ಕಾಫಿ ತಂದುಕೊಟ್ಟವಳು ನನ್ನ ಅಕ್ಕ, ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದ ಹತ್ತು ವರ್ಷದ ಹುಡುಗ ನಾನು. ಕ್ಯಾಮ್‌ಶಾಫ್ಟಿನ ಮೂರು ವರ್ಷವೂ ಅವರ ಬಾಲ ಹಿಡಿದುಕೊಂಡು ದುಬೈಯ ಬಿಸಿಲಿನಲ್ಲಿ ಅಲೆದವನೂ ನಾನೇ.

"ನನ್ನನ್ನು ನೋಡ್ಲಿಕ್ಕೆ ಬಂದಾಗ ಇಷ್ಟು ಯೋಚನೆ ಮಾಡಿದ್ರೆ ನಾನು ಬಚಾವಾಗ್ತಿದ್ದೆ" ಎಂದು ಅಕ್ಕ ಆಗಾಗ ಹೇಳುವುದುಂಟು.

"ಹೆಂಡತಿ ಹೊಂದದಿದ್ರೆ ಮಾತಾಡಿ ಸರಿ ಮಾಡ್ಬಹುದು ಮಾರಾಯ್ತಿ" ಎಂದು ಭಾವ ಪೇಪರಿನಿಂದ ತಲೆಯೆತ್ತದೆ ಉತ್ತರಿಸುತ್ತಾರೆ. "ಕ್ಯಾಮ್ ಹೊಂದದಿದ್ರೆ ಇಡೀ ಎಂಜಿನ್ ಬಿಚ್ಬೇಕು."

ಭಾವನವರ ಕೆಲಸ ಅಬುಧಾಬಿಯಲ್ಲಿ. ಅಲ್ಲಿ ಒಂದು ದೊಡ್ಡ ಕಟ್ಟಡದ ನೆಲಮಾಳಿಗೆಯಲ್ಲಿ, ನಲವತ್ತು ಮಹಡಿಗೂ ತಣ್ಣಗಿನ ಗಾಳಿ ಕಳಿಸುವ ಯಂತ್ರಗಳ ಮೇಲ್ವಿಚಾರಕರು. ಅಷ್ಟು ವರ್ಷ ಆ ಗದ್ದಲದಲ್ಲಿ ಕೂತವರ ಕಿವಿ ಹಾಳಾಗಬೇಕಲ್ಲವೇ? ಇವರದ್ದು ಚುರುಕಾಯಿತು! ಜಗತ್ತಿನ ಯಾವ ವಸ್ತುವನ್ನೂ ಅವರು ಕಣ್ಣಿನಿಂದ ಕೊಳ್ಳುವುದಿಲ್ಲ, ಕಿವಿಯಿಂದಲೇ ಕೊಳ್ಳುತ್ತಾರೆ. ಒಮ್ಮೆ ಅಕ್ಕನಿಗೆ ಮಿಕ್ಸಿ ತರಲೆಂದು ನಾವಿಬ್ಬರೂ ದುಬೈಯ ನೈಫ್ ಪೇಟೆಗೆ ಹೋದೆವು. ಅಂಗಡಿಯವರು ಉಳ್ಳಾಲದ ಕಡೆಯ ಬ್ಯಾರಿ ಕಾಕ, ಬಹಳ ತಾಳ್ಮೆಯ ಮನುಷ್ಯ. ಭಾವ ಒಂದಾದ ಮೇಲೊಂದು ಹನ್ನೊಂದು ಮಿಕ್ಸಿ ಆನ್ ಮಾಡಿಸಿದರು. ಪ್ರತಿಯೊಂದಕ್ಕೂ ಕಣ್ಣು ಮುಚ್ಚಿ, ತಲೆ ವಾಲಿಸಿ ಕೇಳಿದರು. ಹನ್ನೊಂದನೆಯದೂ ಮುಗಿದಾಗ ಕಾಕ ಮೆಲ್ಲಗೆ, "ಅಣ್ಣ, ನೀವು ಮಿಕ್ಸಿ ತಗೊಳ್ಳುದಾ, ಮದುವೆಗೆ ಬ್ಯಾಂಡ್‌ಸೆಟ್ ನೋಡ್ಲಿಕ್ಕೆ ಬಂದದ್ದಾ?" ಎಂದು ಕೇಳಿದರು. ಭಾವ ನಾಲ್ಕನೆಯದನ್ನು ಕೊಂಡರು. ಅದು ಇವತ್ತಿಗೂ ಕೆಟ್ಟಿಲ್ಲ, ಅದೇ ನಮ್ಮ ಕಷ್ಟ. ಕೆಟ್ಟಿದ್ದರೆ ಅವರ ಕಿವಿಯ ಮೇಲೆ ಅವರಿಗೇ ಸ್ವಲ್ಪ ಅನುಮಾನವಾದರೂ ಬರುತ್ತಿತ್ತು.

ಈಗ ಅಕ್ಕನ ವಿಷಯ. ಅಕ್ಕ ದುಬೈಯ ಊದ್ ಮೇಥಾದ ಒಂದು ಶಾಲೆಯಲ್ಲಿ ಟೀಚರ್. ಮನೆಯೂ ಅಲ್ಲೇ, ಎರಡನೇ ಮಹಡಿ. ಮಗಳು ಮಣಿಪಾಲಕ್ಕೆ ಓದಲು ಹೋದ ಮೇಲೆ ಅವಳ ಕೋಣೆ ನನಗೆ ಸಿಕ್ಕಿತು. ಭಾವ ವಾರವಿಡೀ ಅಬುಧಾಬಿಯಲ್ಲಿ ಕಂಪನಿ ಕೊಟ್ಟ ರೂಮಿನಲ್ಲಿದ್ದು, ಗುರುವಾರ ಸಂಜೆ ಕಂಪನಿಯ ಬಿಳಿ ಕಾರಿನಲ್ಲಿ ದುಬೈಗೆ ಬರುತ್ತಾರೆ, ಶನಿವಾರ ಸಂಜೆ ವಾಪಸ್ಸು; ಅವರಿಗೆ ವಾರದ ರಜೆ ಶುಕ್ರವಾರ, ಶನಿವಾರ. ಹದಿನಾರು ವರ್ಷದಿಂದ ಅವರ ಸಂಸಾರ ನಡೆದದ್ದು ಹೀಗೆ, ವಾರಕ್ಕೆ ಎರಡು ದಿನದ ಲೆಕ್ಕದಲ್ಲಿ.

ಗುರುವಾರ ಆರು ಗಂಟೆಯಾಯಿತೆಂದರೆ ಅಕ್ಕ ಬಾಲ್ಕನಿಯಲ್ಲಿ. ಇಡೀ ದಿನ ಕ್ಲಾಸಿನಲ್ಲಿ ನಿಂತು ಬಂದ ಕಾಲು, ಮೊಣಕಾಲು ಎರಡೂ ಊದಿರುತ್ತವೆ, ಆದರೂ ಅಲ್ಲಿ ಒಂದು ಗಂಟೆ ನಿಲ್ಲಲೇಬೇಕು. ಕುರ್ಚಿ ಹಾಕಿದರೆ ಗೋಡೆ ಅಡ್ಡ ಬಂದು ಕೆಳಗಿನ ಪಾರ್ಕಿಂಗ್ ಕಾಣಿಸುವುದಿಲ್ಲ. ಮುಂಚೆ ಹೀಗಿರಲಿಲ್ಲವಂತೆ. ಒಂದು ಗುರುವಾರ ಅಬುಧಾಬಿ ರಸ್ತೆಯಲ್ಲಿ ಸಾಲಾಗಿ ಗಾಡಿಗಳು ಗುದ್ದಿಕೊಂಡ ಸುದ್ದಿ ಬಂತು. ಭಾವನ ಫೋನಿನಲ್ಲಿ ಚಾರ್ಜ್ ಇರಲಿಲ್ಲ. ಅಪಘಾತದ ಹಿಂದೆ ಸಿಕ್ಕಿಕೊಂಡ ಸಾವಿರ ಗಾಡಿಗಳಲ್ಲಿ ಅವರದ್ದೂ ಒಂದು, ಅಷ್ಟೇ. ಒಂದು ಗೀರೂ ಬಿದ್ದಿರಲಿಲ್ಲ. ಆದರೆ ಅವರು ಬರುವವರೆಗೆ ಅಕ್ಕ ಮೂರು ಗಂಟೆ ಬಾಲ್ಕನಿಯಲ್ಲಿ ನಿಂತಿದ್ದಳು. ಅಂದಿನಿಂದ ಆ ನಿಲ್ಲುವಿಕೆ ಒಂದು ವ್ರತವೇ ಆಗಿಹೋಯಿತು. ದಾರಿಯಲ್ಲಿ ಫೋನ್ ಮಾಡಿ ಕೇಳಬಹುದಲ್ಲ ಎಂದರೆ, "ಡ್ರೈವ್ ಮಾಡುವಾಗ ಫೋನ್ ಮುಟ್ಟಬಾರ್ದು ಅಂತ ನಾನೇ ಆಣೆ ಹಾಕಿಸಿದ್ದು" ಎನ್ನುತ್ತಾಳೆ.

ದುಬೈಯಲ್ಲಿ ಬಿಳಿ ಕಾರು ಎಷ್ಟಿವೆ ಎಂದು ತಿಳಿಯಬೇಕಾದರೆ ನೀವು ನನ್ನ ಅಕ್ಕನ ಪಕ್ಕ ನಿಲ್ಲಬೇಕು. "ಬಂದ್ರು" ಎನ್ನುತ್ತಾಳೆ. ಇಳಿಯುವವರು ಯಾರೋ ಫಿಲಿಪಿನೋ ಹೆಂಗಸು. "ಹಾಂ, ಇದು ಇವ್ರೇ" ಎನ್ನುತ್ತಾಳೆ. ಇಳಿಯುವುದು ಪಿಜ್ಜಾದ ಪೆಟ್ಟಿಗೆ. ಒಂದು ಗಂಟೆಯಲ್ಲಿ ಹದಿನೈದು ಸಲ ಬಂದು, ಹದಿನಾರನೆಯ ಸಲ ಭಾವ ನಿಜಕ್ಕೂ ಬರುತ್ತಾರೆ. ಕಾರಿನಿಂದ ಇಳಿದವರೇ ಮೇಲೆ ನೋಡುತ್ತಾರೆ. ಅಕ್ಕ ಒಳಗೆ ಬಂದು, ತಾನು ಅಲ್ಲಿ ನಿಂತೇ ಇರಲಿಲ್ಲವೆಂಬಂತೆ ದೋಸೆ ಕಾವಲಿ ಒಲೆಗಿಡುತ್ತಾಳೆ.

ಹೀಗಿರುವಾಗ ಒಬ್ಬ ಅರಬಿ ಮುದುಕರು ತಮ್ಮ ತೋಟದ ಶೆಡ್ಡು ಖಾಲಿ ಮಾಡುತ್ತಾ, ಭಾವ ಮಾಡಿದ ಯಾವುದೋ ಏಸಿ ರಿಪೇರಿಯ ಉಪಕಾರಕ್ಕೆಂದು ಒಂದು ಹಳೇ ಅಮೆರಿಕನ್ ಕಾರು ಕೊಟ್ಟುಬಿಟ್ಟರು. ಎರಡೇ ಬಾಗಿಲು, ಎಂಟು ಸಿಲಿಂಡರು, ಮೂತಿ ದೋಣಿಯಷ್ಟು ಉದ್ದ. ಸೀಟಿನಲ್ಲಿ ಆಡುಗಳು ಮಲಗುತ್ತಿದ್ದವು. "ಆಡುಗಳನ್ನು ಇಟ್ಕೊಂಡು ಗಾಡಿ ವಾಪಸ್ ಕೊಟ್ಟು ಬನ್ನಿ, ಆಡಿಗಾದ್ರೂ ಉಪಯೋಗ ಉಂಟು" ಎಂದಳು ಅಕ್ಕ. ಭಾವ ಗಾಡಿಯನ್ನು ರಾಸ್ ಅಲ್ ಖೋರಿನ ಒಂದು ಗ್ಯಾರೇಜಿಗೆ ಎಳೆಸಿದರು. ಅಲ್ಲಿನ ಮೇಸ್ತ್ರಿ ಮಂಗಳೂರು ವೆಲೆನ್ಸಿಯಾದ ಕ್ರೈಸ್ತರು, ನಮ್ಮ ಊರಿನ ರೂಢಿಯಂತೆ ನಾವು ಅವರನ್ನು ಪೊರ್ಬುಗಳು ಎಂದೇ ಕರೆಯುವುದು. ಅವರು ಬಾನೆಟ್ ಎತ್ತಿ ನೋಡಿ, "ಬಾಕಿ ಎಲ್ಲ ಸರಿ ಮಾಡ್ಬಹುದು. ಕ್ಯಾಮ್‌ಶಾಫ್ಟ್ ಸವೆದು ಹೋಗಿದೆ. ಯಾವುದು ಹಾಕುದು ಹೇಳಿ, ಒಂದು ವಾರದಲ್ಲಿ ಮುಗಿಸ್ತೇನೆ" ಎಂದರು. ಆ ಒಂದು ವಾರ ಮೂರು ವರ್ಷವಾದದ್ದಕ್ಕೆ ಪೊರ್ಬುಗಳ ತಪ್ಪೇನೂ ಇಲ್ಲ.

ಕ್ಯಾಮ್‌ಶಾಫ್ಟ್ ಎಂದರೇನು ಎಂದು ನನಗೂ ಗೊತ್ತಿರಲಿಲ್ಲ. ಈಗ ನಿದ್ದೆಯಲ್ಲೂ ಹೇಳಬಲ್ಲೆ. ಅದೊಂದು ಉಕ್ಕಿನ ಕೋಲು. ಮೈಮೇಲೆ ಮೊಟ್ಟೆಯ ಆಕಾರದ ಹದಿನಾರು ಗಂಟುಗಳು. ಕೋಲು ತಿರುಗಿದಂತೆ ಗಂಟುಗಳು ವಾಲ್ವ್‌ಗಳನ್ನು ತೆರೆಯುತ್ತವೆ, ಮುಚ್ಚುತ್ತವೆ. ಅಂದರೆ ಎಂಜಿನ್ ಎಷ್ಟು ಹೊತ್ತು ಉಸಿರೆಳೆದುಕೊಳ್ಳಬೇಕು, ಎಷ್ಟು ಹೊತ್ತು ಬಿಡಬೇಕು ಎಂದು ನಿರ್ಧರಿಸುವುದು ಈ ಕೋಲು. ಸಾಧು ಕ್ಯಾಮ್ ಹಾಕಿದರೆ ಗಾಡಿ ನಿಂತಾಗ ಬೆಕ್ಕಿನ ಹಾಗೆ ಸುಮ್ಮನಿರುತ್ತದೆ. ಪುಂಡ ಕ್ಯಾಮ್ ಹಾಕಿದರೆ ನಿಂತಲ್ಲೇ ಗುಡು... ಗುಡುಗುಡು... ಎಂದು ಕುಂಟುತ್ತಾ ಗುಡುಗುತ್ತದೆ, ಓಡಿದರೆ ಹುಲಿ. ಆದರೆ ಪುಂಡನಿಗೆ ಏಸಿ ಹಾಕಿದರೆ ಸಿಗ್ನಲ್ಲಿನಲ್ಲಿ ಎಂಜಿನ್ ಆರುತ್ತದೆ, ಬ್ರೇಕೂ ಗಟ್ಟಿಯಾಗುತ್ತದೆ. ಐವತ್ತು ಡಿಗ್ರಿ ಬಿಸಿಲಿನ ಊರಿನಲ್ಲಿ ಏಸಿ ಇಲ್ಲದ ಹುಲಿಯನ್ನು ಯಾರು ಸಾಕುತ್ತಾರೆ?

"ಸಾಧು ಹಾಕಿ ಮಾರಾಯ್ರೆ" ಎಂದರು ಪೊರ್ಬುಗಳು. "ನಿಮ್ಮ ವಯಸ್ಸಿಗೂ ಅದೇ ಒಳ್ಳೇದು."

"ಶಬ್ದ ಬೇಕು ಪೊರ್ಬುಗಳೇ" ಎಂದರು ಭಾವ.

"ಎಂತಕ್ಕೆ ಶಬ್ದ?"

ಭಾವ ಬಾನೆಟ್ ಮುಚ್ಚಿದರು. ನಾನು ಮನಸ್ಸಿನಲ್ಲೇ ಉತ್ತರ ಕೊಟ್ಟುಕೊಂಡೆ: ಐವತ್ತು ದಾಟಿದ ಮೇಲೆ ಕೆಲವರಿಗೆ ಕೂದಲಿಗೆ ಬಣ್ಣ ಹಚ್ಚುವ ಚಪಲ, ನಮ್ಮ ಭಾವನಿಗೆ ನಾಲ್ಕು ಜನ ತಿರುಗಿ ನೋಡಬೇಕೆಂಬ ಚಪಲ. ಹಾಗೆಂದು ಅಕ್ಕನಿಗೂ ಹೇಳಿದೆ.

ಮುಂದಿನ ಎರಡು ವರ್ಷ ಮನೆಯಲ್ಲಿ ಖಾಲಿ ಕಾಗದ ಎಂಬ ವಸ್ತು ಉಳಿಯಲಿಲ್ಲ. ಹಾಲಿನ ಚೀಟಿ, ಶಾಲೆಯ ಸರ್ಕ್ಯುಲರು, ಮದುವೆಯ ಕಾಗದ, ಎಲ್ಲದರ ಬೆನ್ನಿಗೂ ಡಿಗ್ರಿಗಳು. ಇಂಥ ವಾಲ್ವ್ ಇಷ್ಟು ಡಿಗ್ರಿಗೆ ತೆರೆಯಬೇಕು, ಇಷ್ಟು ಡಿಗ್ರಿಗೆ ಮುಚ್ಚಬೇಕು. ಅದೇ ಸಮಯದಲ್ಲಿ ಅಕ್ಕ ನನಗೆ ಹೆಣ್ಣು ಹುಡುಕುತ್ತಿದ್ದಳು. ಕಾರ್ಕಳದ ಕಡೆ ಒಂದು ಒಳ್ಳೆಯ ಸಂಬಂಧ ಬಂತು. ನನ್ನ ಜಾತಕದ ಫೋಟೋ ತೆಗೆದು ಅವರ ಜೋಯಿಸರಿಗೆ ಫೋನಿನಲ್ಲಿ ಕಳಿಸಿದಳು. ಅವಳು ಫೋಟೋ ತೆಗೆದದ್ದು ಕಾಗದದ ಯಾವ ಬದಿಯನ್ನು ಎಂದು ನೀವು ಊಹಿಸಿರಬಹುದು!

ಮರುದಿನ ಜೋಯಿಸರ ಫೋನ್. "ಅಮ್ಮ, ಇದು ದುಬೈಯಲ್ಲಿ ಮಾಡಿಸಿದ ಜಾತಕವಾ? ಹದಿನಾರು ಮನೆ ಉಂಟಲ್ಲ. ನಾನು ಹನ್ನೆರಡೇ ಕಲಿತದ್ದು." ಅಕ್ಕ ತಬ್ಬಿಬ್ಬಾಗಿ ಕಾಗದ ಹುಡುಕುವಷ್ಟರಲ್ಲಿ ಅವರೇ ಮುಂದುವರಿಸಿದರು. "ಆದ್ರೆ ಒಂದು ಮಾತು. ಹುಡುಗನಿಗೆ ಉಷ್ಣ ಸ್ವಲ್ಪ ಜಾಸ್ತಿ ಕಾಣ್ತದೆ."

ಶುಕ್ರವಾರ ಭಾವನಿಗೆ ಈ ಕಥೆ ಹೇಳಿ ಅಕ್ಕ ಜಗಳಕ್ಕೆ ಸೆರಗು ಕಟ್ಟಿದರೆ, ಅವರು ಗಂಭೀರವಾಗಿ ಕನ್ನಡಕ ಹಾಕಿಕೊಂಡು ಆ ಕಾಗದ ನೋಡಿದರು. "ಜೋಯಿಸರು ಹೇಳಿದ್ದು ಸರಿ. ಈ ಲೆಕ್ಕದಲ್ಲಿ ಹಾಕಿದ್ರೆ ಎಂಜಿನ್ ಬಿಸಿ ಆಗ್ತದೆ" ಎಂದು ಆ ಕ್ಯಾಮನ್ನು ಪಟ್ಟಿಯಿಂದ ಹೊಡೆದು ಹಾಕಿದರು. ಕಾರ್ಕಳದವರು ನನ್ನನ್ನು ಪಟ್ಟಿಯಿಂದ ಹೊಡೆದು ಹಾಕಿದರು. ಹದಿನಾರು ಮನೆಯ ಹುಡುಗನಿಗೆ ಯಾರು ಹೆಣ್ಣು ಕೊಡುತ್ತಾರೆ?

ಮೂರನೆಯ ವರ್ಷದ ಬೇಸಿಗೆಯಲ್ಲಿ ಎರಡು ಸುದ್ದಿ ಒಟ್ಟಿಗೆ ಬಂದವು. ಪೊರ್ಬುಗಳು ಸೆಪ್ಟೆಂಬರಿನಲ್ಲಿ ವೀಸಾ ಕ್ಯಾನ್ಸಲ್ ಮಾಡಿಕೊಂಡು ಊರಿಗೆ ಹೋಗುವವರಿದ್ದರು. ಆಮೇಲೆ ಆ ಗಾಡಿಯನ್ನು ಮುಟ್ಟುವವರು ಇಡೀ ರಾಸ್ ಅಲ್ ಖೋರಿನಲ್ಲಿ ಇರಲಿಲ್ಲ. ಇನ್ನೊಂದು ಸುದ್ದಿ ಅಕ್ಕನದ್ದು. ಶಾಲೆಗೆ ಎರಡು ತಿಂಗಳ ರಜೆ ಸಿಕ್ಕಿ, ಮಗಳ ಜೊತೆ ಇರಲು ಹೊರಟವಳು ಏರ್‌ಪೋರ್ಟಿನ ಬಾಗಿಲಲ್ಲಿ ನಿಂತು ತೀರ್ಪು ಕೊಟ್ಟಳು.

"ನಾನು ಬರುವಾಗ ಒಂದೋ ಆ ಗಾಡಿ ಓಡ್ಬೇಕು, ಇಲ್ಲ ಅದು ಗುಜರಿಗೆ ಹೋಗ್ಬೇಕು. ಮೂರು ವರ್ಷ ಸುಮ್ಮನೆ ಕೂತೆ. ಇನ್ನು ಖಲಾಸ್."

ಭಾವ ಗೇಟಿನೊಳಗೆ ಹೋಗುವ ಅವಳನ್ನೇ ನೋಡುತ್ತಿದ್ದರು. ಅಕ್ಕ ನೋವಿನಿಂದ ಒಂದು ಕಾಲನ್ನು ಸ್ವಲ್ಪ ಎಳೆದು ಹಾಕುತ್ತಿದ್ದಳು. ನನಗೆ ಗಾಡಿ ಹೋಗುತ್ತದಲ್ಲ ಎಂಬ ಸಂತೋಷವೇ ಹೆಚ್ಚಾಗಿತ್ತು, ಸುಳ್ಳೇಕೆ ಹೇಳಲಿ.

ಮೊದಲ ಶುಕ್ರವಾರವೇ ಪ್ರಯೋಗ ಶುರುವಾಯಿತು. ಮಧ್ಯಾಹ್ನ, ಇಡೀ ಕಟ್ಟಡ ಉಂಡು ಮಲಗಿದ ಹೊತ್ತು. ಭಾವ ಕನ್ನಡ ಸಂಘದ ನಾಟಕಕ್ಕೆ ಬಳಸುವ ದೊಡ್ಡ ಸ್ಪೀಕರನ್ನು ಬೇಡಿ ತಂದು ಬಿಳಿ ಕಾರಿನ ಡಿಕ್ಕಿಯಲ್ಲಿಟ್ಟರು. ಬೇರೆ ಬೇರೆ ಕ್ಯಾಮ್ ಹಾಕಿದ ಎಂಜಿನ್‌ಗಳ ಶಬ್ದವನ್ನು ಎಲ್ಲಿಂದಲೋ ಸಂಗ್ರಹಿಸಿದ್ದರು. ಅದನ್ನು ಕೆಳಗಿನ ಪಾರ್ಕಿಂಗಿನಲ್ಲಿ ಹಾಕುವುದು ಅವರು. ನಾನು ಎಲ್ಲಿರಬೇಕು? ಅಡುಗೆಮನೆಯಲ್ಲಿ!

"ಎಕ್ಸಾಸ್ಟ್ ಫ್ಯಾನ್ ಹಾಕು" ಎಂದು ಫೋನಿನಲ್ಲಿ ಅಪ್ಪಣೆಯಾಯಿತು. "ನಳ್ಳಿ ಬಿಡು. ಕುಕ್ಕರ್ ಇಡು."

"ಕುಕ್ಕರಿನಲ್ಲಿ ಎಂತ ಹಾಕುದು ಭಾವ?"

"ಎಂತಾದ್ರೂ ಹಾಕು. ಅಕ್ಕಿ ಹಾಕು. ಸ್ಟೂಲ್ ಮೇಲೆ ಕೂತ್ಕೋ. ಎದ್ದು ಕಿಟಕಿ ಹತ್ರ ಹೋಗ್ಬೇಡ. ಕೂತಲ್ಲಿಗೇ ಕೇಳ್ಬೇಕು."

ನಂಬರ್ ಒಂದು, ಸಾಧು. ಕೇಳಿತು, ಆದರೆ ಅದು ಯಾರ ಗಾಡಿಯೂ ಆಗಿರಬಹುದಿತ್ತು. ನಂಬರ್ ಎರಡು, ಪುಂಡ. ಸ್ಟ್ಯಾಂಡಿನಲ್ಲಿದ್ದ ಸ್ಟೀಲಿನ ತಟ್ಟೆಗಳು ಒಂದಕ್ಕೊಂದು ಮಾತಾಡಿದವು, ಮೂರನೇ ಮಹಡಿಯ ಗುಜರಾತಿ ಅಜ್ಜ ಬನಿಯನ್ನಿನಲ್ಲೇ ಕೆಳಗಿಳಿದು ಬಂದರು. ಮಲಯಾಳಿ ವಾಚ್‌ಮನ್ ಕಾರಿನ ಸುತ್ತ ಎರಡು ಸುತ್ತು ಹಾಕಿ ಭಾವನಿಗೆ ಹೇಳಿದನಂತೆ: "ಸಾರ್, ಎಲ್ಲರೂ ಮೊದಲು ಗಾಡಿ ತರ್ತಾರೆ, ಆಮೇಲೆ ಶಬ್ದ. ನೀವು ಶಬ್ದ ಮೊದಲು ತಂದ್ರಾ?"

ಹೀಗೆ ಆರು ಶುಕ್ರವಾರ. ಆರು ಶುಕ್ರವಾರವೂ ಕುಕ್ಕರ್ ತುಂಬ ಅನ್ನ, ತಿನ್ನುವವರು ನಾವಿಬ್ಬರೇ. ಚಿತ್ರಾನ್ನ, ಮೊಸರನ್ನ, ಮತ್ತೆ ಚಿತ್ರಾನ್ನ. ಆರನೆಯ ವಾರ ನಂಬರ್ ಹದಿನಾಲ್ಕು ಬಂತು. ಅದು ಮೂಲದಲ್ಲಿ ಸಾಧುವೇ. ಆದರೆ ಗಂಟುಗಳ ನಡುವಿನ ಕೋನವನ್ನು ನಾಲ್ಕು ಡಿಗ್ರಿ ಹತ್ತಿರ ತಂದು ಕಡೆದದ್ದು. ಅಷ್ಟಕ್ಕೇ ಅದರ ಉಸಿರಾಟದಲ್ಲಿ ಒಂದು ಸಣ್ಣ ಕುಂಟು ಸೇರಿಕೊಂಡಿತ್ತು. ಜೋರಿಲ್ಲ, ಗುಜರಾತಿ ಅಜ್ಜ ಏಳಲಿಲ್ಲ. ಆದರೂ ಫ್ಯಾನಿನ, ನಳ್ಳಿಯ ಸದ್ದಿನ ಅಡಿಯಿಂದ ಅದು ಬೇರೆಯಾಗಿ ಎದ್ದು ಬಂತು: ಗುಡು... ಗುಡುಗುಡು.

"ಕೇಳ್ತದೆ ಭಾವ" ಎಂದೆ. "ಕುಕ್ಕರ್ ಸೀಟಿ ಹಾಕುವಾಗ ಮಾತ್ರ ಇಲ್ಲ."

"ಸೀಟಿ ಎಷ್ಟು ಸೆಕೆಂಡು?"

"ಏಳೆಂಟು."

"ಹಾಗಾದ್ರೆ ಸೀಟಿ ಮುಗಿಯುವವರೆಗೆ ಎಂಜಿನ್ ಆಫ್ ಮಾಡದಿದ್ರೆ ಆಯ್ತು" ಎಂದರು. ಮೂರು ವರ್ಷದ ಹುಡುಕಾಟ ಹೀಗೆ ಒಂದು ಕುಕ್ಕರಿನ ಮುಂದೆ ಮುಗಿಯಿತು. ಇವರಿಗೆ ಮಂಡೆ ಸಮ ಇಲ್ಲ ಎಂದು ನಾನು ಅನ್ನ ಬಡಿಸಿಕೊಂಡೆ.

ಆಗಸ್ಟಿನ ಕೊನೆಯ ವಾರ, ಅಕ್ಕ ಬರಲು ಐದು ದಿನವಿರುವಾಗ ಪೊರ್ಬುಗಳು ಕ್ಯಾಮ್ ಕೂರಿಸಿದರು. ಈ ಹಳೇ ಎಂಜಿನ್‌ಗಳದ್ದೊಂದು ಮಡಿ ಉಂಟು. ಹೊಸ ಕ್ಯಾಮ್ ಹಾಕಿ ಮೊದಲ ಸಲ ಸ್ಟಾರ್ಟ್ ಮಾಡಿದ ಮೇಲೆ ಇಪ್ಪತ್ತು ನಿಮಿಷ ಎಂಜಿನನ್ನು ಜೋರಾಗಿಯೇ ಓಡಿಸಬೇಕು, ನಿಧಾನ ಮಾಡುವಂತಿಲ್ಲ. ಆ ಇಪ್ಪತ್ತು ನಿಮಿಷದಲ್ಲೇ ಗಂಟುಗಳು ಹೊಂದಿಕೊಳ್ಳುವುದು. ಅಷ್ಟರಲ್ಲಿ ಕೆಟ್ಟರೆ ಕ್ಯಾಮ್ ಗುಜರಿಗೆ. ಇನ್ನೊಂದು ತರಿಸಲು ಸಮಯವೇ ಇರಲಿಲ್ಲ. ಪೊರ್ಬುಗಳು ಶಿಲುಬೆಯ ಗುರುತು ಮಾಡಿಕೊಂಡರು, ಭಾವ ಟಯರಿನ ಕೆಳಗೆ ನಿಂಬೆಹಣ್ಣಿಟ್ಟರು. ಎರಡೂ ಕಡೆಯ ದೇವರಿಗೆ ಅರ್ಜಿ ಹೋದ ಮೇಲೆ ಎಂಜಿನ್ ಗರ್ಜಿಸಿತು.

ಭಾವ ಬಾನೆಟ್ಟಿಗೆ ಬಗ್ಗಿ ಥ್ರಾಟಲ್ ಹಿಡಿದಿದ್ದರು. ನಾನು ಪೈಪಿನಲ್ಲಿ ರೇಡಿಯೇಟರಿಗೆ ನೀರು ಹೊಡೆಯುತ್ತಿದ್ದೆ. ತಗಡಿನ ಶೆಡ್ಡು, ಕಿವಿ ಒಡೆಯುವ ಸದ್ದು, ಮೈಯೆಲ್ಲ ಬೆವರು. ಹತ್ತು ನಿಮಿಷವಾದಾಗ ನನ್ನ ಸಹನೆ ಮುಗಿಯಿತು. "ಅಲ್ಲ ಭಾವ, ಯಾರಿಗೆ ತೋರಿಸ್ಲಿಕ್ಕೆ ಇಷ್ಟೆಲ್ಲ?" ಎಂದು ಅವರ ಕಿವಿಯ ಬಳಿ ಕಿರುಚಿದೆ.

ಅವರೂ ಕಿರುಚಿಯೇ ಉತ್ತರ ಕೊಡಬೇಕಾಯಿತು. "ತೋರಿಸ್ಲಿಕ್ಕಲ್ಲ ಮಾರಾಯ! ನಿನ್ನ ಅಕ್ಕನಿಗೆ ಕೇಳ್ಲಿಕ್ಕೆ!"

"ಎಂತ?"

"ಅವಳ ಮೊಣಕಾಲು ನೋಡಿದ್ದೀಯಾ? ಪ್ರತಿ ಗುರುವಾರ ಒಂದು ಗಂಟೆ ನಿಲ್ತಾಳೆ! ಊರಿಡೀ ಬಿಳಿ ಗಾಡಿ, ನನ್ನದು ಯಾವುದು ಅಂತ ಹೇಗೆ ಗೊತ್ತಾಗ್ಬೇಕು ಅವಳಿಗೆ! ನಿಲ್ಬೇಡ ಅಂದ್ರೆ ಕೇಳುದಿಲ್ಲ! ಇದರ ಶಬ್ದ ಬೇರೆ ಯಾವ ಗಾಡಿಗೂ ಇಲ್ಲ. ಒಳಗೆ ಕೂತಲ್ಲಿಗೇ ಗೊತ್ತಾಗ್ಲಿ, ನಾನು ಬಂದೆ ಅಂತ!"

ನನ್ನ ಕೈಯ ಪೈಪು ಎತ್ತಲೋ ತಿರುಗಿ ಪೊರ್ಬುಗಳು ಪೂರ್ತಿ ಒದ್ದೆಯಾದರು. ಅವರು ಬೈಯಲಿಲ್ಲ. "ನೀರು ರೇಡಿಯೇಟರಿಗೆ, ಮಗಾ" ಎಂದು ಮೆಲ್ಲಗೆ ನನ್ನ ಕೈಯನ್ನು ತಿರುಗಿಸಿದರು. ಆರು ವಾರ ಅಡುಗೆಮನೆಯ ಸ್ಟೂಲಿನಲ್ಲಿ ಯಾರ ಬದಲಿಗೆ ಕೂತಿದ್ದೆ ಎಂಬುದು ನನಗೆ ಹೊಳೆಯಲು ಅಷ್ಟು ಹೊತ್ತು ಬೇಕಾಯಿತು. ನನಗೆ ನಾಚಿಕೆಯಾಯಿತು. ಉಳಿದ ಹತ್ತು ನಿಮಿಷ ನಾನು ಬಹಳ ಭಕ್ತಿಯಿಂದ ನೀರು ಹೊಡೆದೆ.

ಗಾಡಿ ಪಾಸಿಂಗಿಗೆ ಹೋದಾಗ ಬ್ರೇಕು, ಹೊಗೆ ಎಲ್ಲ ಸರಿಯಿತ್ತು. ತಪಾಸಣೆಯವನು ಮಾತ್ರ ಎಂಜಿನ್ನಿನ ಕುಂಟು ಕೇಳಿ ಹುಬ್ಬು ಗಂಟಿಕ್ಕಿ, ಹಿಂದಿಯಲ್ಲಿ ಇದಕ್ಕೇನು ಕಾಯಿಲೆ ಎಂದು ಕೇಳಿದ. ಕಾಯಿಲೆಯಲ್ಲ, ಸ್ವಭಾವವೇ ಹಾಗೆ ಎಂದರು ಭಾವ. ಅವನು ಗಾಡಿಯನ್ನೊಮ್ಮೆ, ಭಾವನನ್ನೊಮ್ಮೆ ನೋಡಿ ಠಸ್ಸೆ ಒತ್ತಿದ.

ಅಕ್ಕ ಊರಿನಿಂದ ಬಂದ ಮೊದಲ ಗುರುವಾರ ಎಂದಿನಂತೆ ಬಾಲ್ಕನಿಯಲ್ಲಿ ನಿಂತಳು. ಬಿಳಿ ಕಾರಿನ ಬದಲು ಆ ಹಳೇ ಗಾಡಿ ಬಂತು. "ಎಂತ ಇದು, ದಮ್ಮು ಹಿಡಿದವರ ಹಾಗೆ" ಎಂದಳು. ಎರಡನೆಯ ಗುರುವಾರವೂ ನಿಂತಳು, ಸ್ವಲ್ಪ ತಡವಾಗಿ. ಭಾವ ಅವಳಿಗೆ ಏನೂ ಹೇಳಿರಲಿಲ್ಲ, ನನ್ನ ಬಾಯಿಗೂ ಬೀಗ ಹಾಕಿಸಿದ್ದರು. ಹೇಳಿ ಕೂರಿಸಿದರೆ ಅವಳು ಕೂರುವವಳಲ್ಲ.

ಮೂರನೆಯ ಗುರುವಾರ ಆರೂವರೆಗೆ ನಾನು ಕೆಲಸದಿಂದ ಬಂದಾಗ ಅಕ್ಕ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಅಲಸಂಡೆ ಮುರಿಯುತ್ತಿದ್ದಳು. ಕಾಲುಗಳನ್ನು ಇನ್ನೊಂದು ಸ್ಟೂಲಿನ ಮೇಲೆ ಚಾಚಿದ್ದಳು. ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿತ್ತು. ಕುಕ್ಕರ್ ಸೀಟಿ ಹಾಕಿತು, ಏಳೆಂಟು ಸೆಕೆಂಡು. ಸೀಟಿ ಇಳಿದ ಮೇಲೆ ಅದರ ಅಡಿಯಿಂದ ಕೇಳಿತು: ಗುಡು... ಗುಡುಗುಡು... ಗುಡು.

ಅಕ್ಕ ತಲೆಯೆತ್ತಲಿಲ್ಲ. "ಬಂದ್ರು" ಎಂದಳು. "ಕಾವಲಿ ಇಡು."

ನಾನು ಕಾವಲಿ ಇಟ್ಟು ಬಾಲ್ಕನಿಗೆ ಹೋದೆ. ಕೆಳಗೆ ಭಾವ ಗಾಡಿಯಿಂದ ಇಳಿದು, ಬಾಗಿಲು ಹಿಡಿದುಕೊಂಡು, ಕತ್ತೆತ್ತಿ ಮೇಲೆ ನೋಡುತ್ತಿದ್ದರು. ಎಂಜಿನ್ ಇನ್ನೂ ಓಡುತ್ತಿತ್ತು. ಅಕ್ಕ ಎಲ್ಲಿ ಎಂದು ಕೈಯಲ್ಲೇ ಕೇಳಿದರು. ಕೂತಿದ್ದಾಳೆ ಎಂದು ನಾನೂ ಕೈಯಲ್ಲೇ ಹೇಳಿದೆ. ಅವರು ಅಕ್ಕ ನಿಲ್ಲುವ ಆ ಖಾಲಿ ಮೂಲೆಯನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ಒಳಗೆ ಬಗ್ಗಿ ಎಂಜಿನ್ ಆಫ್ ಮಾಡಿದರು.